ದೊಡ್ಡಕ್ಕ ಹಾಕದ ಮತ

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ವೈದ್ಯರ ನಿಲುವಂಗಿ ಎಲ್ಲ ಕೊಳೆಯಾಗಿ ಒಂದು ಬಾಗಿಲಿನಿಂದ ಒಳಗೆ ಬರುತ್ತವೆ, ಬೆಳ್ಳಗಾಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತವೆ. ನಡುವೆ ಹಬೆ, ಸೋಪಿನ ವಾಸನೆ, ಯಂತ್ರಗಳ ಸದ್ದು. ಅಲ್ಲಿ ಬಟ್ಟೆ ಮಡಚುವ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು ಒಬ್ಬ ಹೆಂಗಸು. ವಯಸ್ಸಿನಲ್ಲಿ ಹಿರಿಯರಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು.

ದೊಡ್ಡಕ್ಕನ ಬೀದಿಯ ಮೂಲೆಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಓದು ಮುಗಿಸಿ ಮನೆಯಲ್ಲಿ ಕುಳಿತಿದ್ದವಳನ್ನು ಕರೆದುಕೊಂಡು ಹೋಗಿ ತನ್ನ ವಿಭಾಗದಲ್ಲೇ ಕೆಲಸಕ್ಕೆ ಸೇರಿಸಿದವಳು ದೊಡ್ಡಕ್ಕನೇ. ಹುಡುಗಿ ಚುರುಕು. ಕೆಲವೇ ತಿಂಗಳಲ್ಲಿ ಅವಳನ್ನು ರೋಲರ್ ಮೇಲೆ ಹಾಕಿದರು. ರೋಲರ್ ಅಂದರೆ ಕಾದ ಕಬ್ಬಿಣದ ಉರುಳೆ. ಒದ್ದೆ ಹೊದಿಕೆಯ ಅಂಚನ್ನು ಅದರ ಬಾಯಿಗೆ ಕೊಟ್ಟರೆ ಸಾಕು, ತಾನೇ ಎಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆಚೆ ಬಿಡುತ್ತದೆ. ಆ ಬಾಯಿಯ ಮುಂದೆ ಒಂದು ತಡೆಪಟ್ಟಿ ಇರಬೇಕು. ಕೈ ತಾಗಿದೊಡನೆ ಯಂತ್ರ ನಿಲ್ಲುವುದು ಅದರಿಂದಲೇ. ಅದು ಮುರಿದು ಬಹಳ ಕಾಲವಾಗಿತ್ತು. ಪಟ್ಟಿ ಇಲ್ಲದಿದ್ದರೆ ಕೆಲಸ ಬೇಗ ಸಾಗುತ್ತದೆ ಎಂದು ಯಾರೂ ಸರಿಪಡಿಸಿರಲಿಲ್ಲ.

ಒಂದು ಮಧ್ಯಾಹ್ನ ಹೊದಿಕೆಯ ಜೊತೆಗೆ ಹುಡುಗಿಯ ಬಲಗೈಯೂ ಒಳಗೆ ಹೋಯಿತು.

ಯಾರೋ ಓಡಿ ಹೋಗಿ ಯಂತ್ರ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಕೈ ಉಳಿಯಿತು. ಬೆರಳುಗಳ ಮಾತು ಮಾತ್ರ ಈಗಲೇ ಹೇಳಲಾಗದು ಎಂದರು ವೈದ್ಯರು. ಅವಳ ತಾಯಿ ಆಸ್ಪತ್ರೆಯ ಮೆಟ್ಟಿಲಲ್ಲಿ ದೊಡ್ಡಕ್ಕನ ಪಕ್ಕ ಕುಳಿತು, ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಕ್ಕನಿಗೆ ಅನಿಸಿತು.

ಕಾರ್ಖಾನೆಯ ಕೆಲಸಗಾರರಿಗೆ ಒಂದು ಸಂಘವಿತ್ತು. ಸಂಘದ ಸಮಿತಿ ಕೂಡಲೇ ಸೇರಿ ಒಂದು ಪ್ರಶ್ನೆಯನ್ನು ಎಲ್ಲ ಸದಸ್ಯರ ಮುಂದೆ ಇಟ್ಟಿತು: ತಡೆಪಟ್ಟಿ ಹಾಕುವವರೆಗೆ ಯಾರೂ ಆ ರೋಲರ್ ಮೇಲೆ ಕೆಲಸ ಮಾಡುವುದು ಬೇಡ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಮತ ಹಾಕುವುದು ಸಂಘದ ಮತದಾನದ ವೆಬ್‌ಸೈಟಿನಲ್ಲಿ. ವಾರದ ಕೊನೆಯವರೆಗೆ ಸಮಯ.

ಸಂಘಕ್ಕೆ ಎರಡು ವೆಬ್‌ಸೈಟುಗಳಿದ್ದವು. ಒಂದು ದಿನನಿತ್ಯದ್ದು. ಕಣ್ಣಿನ ತಪಾಸಣೆಗೆ ಹೆಸರು ಕೊಡುವುದು, ವಿಳಾಸ ಬದಲಿಸುವುದು ಎಲ್ಲ ಅದರಲ್ಲಿ. ಇನ್ನೊಂದು ಮತದಾನಕ್ಕೆ ಮಾತ್ರ. ಮಡಚುವ ವಿಭಾಗದ ಹೆಂಗಸರಿಗೆ ಎರಡೂ ಕಬ್ಬಿಣದ ಕಡಲೆ. ಆದರೆ ಅವರು ತಲೆ ಕೆಡಿಸಿಕೊಂಡವರಲ್ಲ, ಏಕೆಂದರೆ ದೊಡ್ಡಕ್ಕನ ಮೈದುನ ಇದ್ದ.

ಮೈದುನ ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿ. ಒಳ್ಳೆಯ ಮನುಷ್ಯ. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಓದುವವರು ಅವನನ್ನು ಕೇಡಿಗನೆಂದು ತಿಳಿಯಬಾರದು. ದಿನನಿತ್ಯದ ವೆಬ್‌ಸೈಟು ಶುರುವಾದಾಗ ಅವನೇ ಊಟದ ಹೊತ್ತಿನಲ್ಲಿ ಬಂದು, "ಅತ್ತಿಗೆ, ನಿಮಗ್ಯಾಕೆ ಈ ತಲೆನೋವು? ಸಂಘದ ಕಾರ್ಡ್ ಕೊಡಿ, ನಾನು ಮಾಡಿಕೊಡ್ತೀನಿ" ಎಂದಿದ್ದ. ಅತ್ತಿಗೆ ಕೊಟ್ಟಳೆಂದು ಉಳಿದವರೂ ಕೊಟ್ಟರು. ಅವರೆಲ್ಲರ ಪಾಸ್‌ವರ್ಡ್ ಅವನೇ ಇಟ್ಟ. ಮೊಬೈಲ್ ನಂಬರ್ ಕೇಳಿದ ಕಡೆ ತನ್ನದೇ ನಂಬರ್ ಹಾಕಿದ. ಒಟಿಪಿ ಬಂದಾಗಲೆಲ್ಲ ಇವರನ್ನು ಹುಡುಕಿಕೊಂಡು ಅಲೆಯುವುದು ಬೇಡವೆಂದು. ದೊಡ್ಡಕ್ಕನಿಗೆ ಕಣ್ಣು ಮಂಜಾಗಿದ್ದಾಗ ತಪಾಸಣೆಗೆ ಹೆಸರು ಬರೆಸಿ, ತಾನೇ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದವನೂ ಅವನೇ.

ಮತದಾನ ಶುರುವಾದ ದಿನ ದೊಡ್ಡಕ್ಕ ಅವನನ್ನು ಕೇಳಿದಳು. "ನನ್ನ ಓಟು ಹಾಕಬೇಕಲ್ಲಪ್ಪ. ಯಾವಾಗ ಬರ್ಲಿ?"

"ಆಯ್ತು ಅತ್ತಿಗೆ, ಮಾಡೋಣ" ಎಂದ.

ಮರುದಿನ ಕೇಳಿದಾಗ ಕೆಲಸದ ಒತ್ತಡ ಎಂದ. ಅದರ ಮರುದಿನ ಅವಳನ್ನು ದೂರದಿಂದ ನೋಡಿದವನೇ ಗೋದಾಮಿನ ಕಡೆ ತಿರುಗಿದ. ಕೊನೆಯ ದಿನ ಬಂದಿತು. ಕೆಲಸ ಬಿಟ್ಟ ಮೇಲೆ ದೊಡ್ಡಕ್ಕ ಮನೆಯ ದಾರಿ ಹಿಡಿಯದೆ ಸಂಘದ ಕಚೇರಿಯ ಮೆಟ್ಟಿಲು ಹತ್ತಿದಳು.

ಕಚೇರಿ ಎಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಅದರ ಹಿಂದೆ ದಪ್ಪ ಕನ್ನಡಕದ ಒಬ್ಬ ಹೆಂಗಸು. ಎಲ್ಲರೂ ಆಕೆಯನ್ನು ಕನ್ನಡಕದಕ್ಕ ಎನ್ನುತ್ತಿದ್ದರು. ಆಕೆಯೂ ಫೋನ್ ಎತ್ತಿದರೆ "ಕನ್ನಡಕದಕ್ಕ ಮಾತಾಡ್ತಿರೋದು" ಎಂದೇ ಹೇಳುತ್ತಿದ್ದಳು.

"ನನಗೆ ಇದೆಲ್ಲ ಬರಲ್ಲ ಕಣಮ್ಮ. ನೀನೇ ಒತ್ತಿಬಿಡು. ಒಪ್ಪಿಗೆ ಇದೆ ಅನ್ನೋದನ್ನ ಒತ್ತಿದ್ರೆ ಸಾಕು" ಎಂದಳು ದೊಡ್ಡಕ್ಕ.

"ನಾನು ಒತ್ತಲ್ಲ ದೊಡ್ಡಕ್ಕ. ಎಲ್ಲಿ ಒತ್ತಬೇಕು ಅಂತ ತೋರಿಸ್ತೀನಿ. ಪಾಸ್‌ವರ್ಡ್ ಗೊತ್ತಾ?"

"ಅದು ನನ್ನ ಮೈದುನನ ಹತ್ರ ಇದೆ."

ಕನ್ನಡಕದಕ್ಕ ದೊಡ್ಡಕ್ಕನ ಫೋನ್ ನಂಬರ್ ಕೇಳಿಕೊಂಡು, ಕಂಪ್ಯೂಟರಿನಲ್ಲಿ ಇದ್ದುದರ ಜೊತೆ ಹೋಲಿಸಿ ನೋಡಿದಳು. "ಸರಿ. ಮರೆತವರಿಗೆ ಹೊಸದು ಇಟ್ಟುಕೊಳ್ಳೋಕೆ ಒಂದು ದಾರಿ ಇದೆ. 'ಪಾಸ್‌ವರ್ಡ್ ಮರೆತಿದ್ದೀರಾ' ಅಂತ ಇದೆ ನೋಡಿ, ಅದನ್ನ ಒತ್ತಿದ್ರೆ ನಿಮ್ಮ ಫೋನಿಗೆ ಒಂದು ಒಟಿಪಿ ಬರುತ್ತೆ. ಆದರೆ ಇಲ್ಲಿ ಇರೋ ನಂಬರ್ ನಿಮ್ಮದಲ್ಲ. ಅದೂ ಅವರದೇ ಇರಬೇಕು."

"ಅವನದೇ. ಯಾಕೆ, ತಪ್ಪಾ?"

"ತಪ್ಪು ಸರಿ ಆಮೇಲೆ. ಮೊದಲು ನಿಮ್ಮ ನಂಬರ್ ಹಾಕೋಣ."

ಸದಸ್ಯರ ಕಾರ್ಡನ್ನು ನೋಡಿ, ಮುಖ ನೋಡಿ, ಸಹಿ ಹಾಕಿಸಿಕೊಂಡು ಕನ್ನಡಕದಕ್ಕ ನಂಬರನ್ನು ಬದಲಿಸಿದಳು. ದೊಡ್ಡಕ್ಕನ ಚೀಲದಲ್ಲಿದ್ದ ಫೋನು ಗುಂಯ್ ಎಂದಿತು. ಒಟಿಪಿಯನ್ನು ಅವಳು ಓದಿ ಹೇಳಲು ಬಾಯಿ ತೆರೆದಾಗ ಕನ್ನಡಕದಕ್ಕ ಕೈ ಅಡ್ಡ ಹಿಡಿದಳು.

"ನನಗೆ ಹೇಳಬೇಡಿ. ಯಾರಿಗೂ ಹೇಳಬೇಡಿ. ನೀವೇ ಒತ್ತಿ."

ಆಮೇಲೆ ಹೊಸ ಪಾಸ್‌ವರ್ಡ್. ನಿಮ್ಮ ಹೆಸರು ಬೇಡ, ಹುಟ್ಟಿದ ದಿನ ಬೇಡ, ಫೋನ್ ನಂಬರ್ ಬೇಡ, ನಿಮಗೆ ಮಾತ್ರ ನೆನಪಿರೋ ಎರಡು ಮೂರು ಮಾತು ಸೇರಿಸಿ, ನಡುವೆ ಅಂಕಿ ಇಡಿ ಎಂದು ಹೇಳಿ ಆಕೆ ಎದ್ದು ಹೋಗಿ ಕಿಟಕಿಯ ಹೊರಗೆ ನೋಡುತ್ತ ನಿಂತಳು. ದೊಡ್ಡಕ್ಕನ ಬೆರಳು ತಪ್ಪಿತು, ಮತ್ತೆ ಅಳಿಸಿದಳು, ಮತ್ತೆ ಒತ್ತಿದಳು. ಎರಡು ಕೈಯಲ್ಲಿ ಗುಡ್ಡೆ ಗುಡ್ಡೆ ಹೊದಿಕೆ ಮಡಚುವವಳಿಗೆ ಇಷ್ಟು ಸಣ್ಣ ಕೆಲಸ ಬೆವರಿಳಿಸಿತು. ಕೊನೆಗೆ ಪರದೆಯ ಮೇಲೆ ಅವಳ ಹೆಸರು ಬಂತು. ತನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅವಳು ನೋಡಿದ್ದು ಅದೇ ಮೊದಲು. ಅವಳಿಗೇ ಗೊತ್ತಿಲ್ಲದೆ ನಗು ಬಂತು.

ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು. 'ನಿಮ್ಮ ಮತ ದಾಖಲಾಗಿದೆ. ಧನ್ಯವಾದಗಳು.'

"ನಾನು ಇನ್ನೂ ಹಾಕೇ ಇಲ್ವಲ್ಲ" ಎಂದಳು ದೊಡ್ಡಕ್ಕ.

ಕನ್ನಡಕದಕ್ಕ ಬಂದು ನೋಡಿದಳು. ಮತದಾನ ಶುರುವಾದ ದಿನ ಬೆಳಿಗ್ಗೆಯೇ ಮತ ಬಿದ್ದಿತ್ತು. ಯಾವ ಕಡೆಗೆ ಬಿತ್ತು ಎಂದು ಯಾರಿಗೂ ತಿಳಿಯದು, ಮತ ಗುಟ್ಟು. ಬದಲಿಸಲೂ ಆಗದು.

"ಆದರೆ ನಾನು ಅವನಿಗೆ ಕೊಟ್ಟಿದ್ದು ಕಣ್ಣು ತೋರಿಸೋ ಕೆಲಸಕ್ಕೆ. ಆ ವೆಬ್‌ಸೈಟೇ ಬೇರೆ, ಇದೇ ಬೇರೆ ಅಲ್ವಾ?"

"ಬಾಗಿಲು ಎರಡು ದೊಡ್ಡಕ್ಕ, ಕೀಲಿಕೈ ಒಂದೇ. ಅಲ್ಲಿ ಒಳಗೆ ಹೋಗೋ ಪಾಸ್‌ವರ್ಡೇ ಇಲ್ಲೂ ನಡೆಯುತ್ತೆ."

ದೊಡ್ಡಕ್ಕ ಮೆಟ್ಟಿಲಿಳಿದು ಬೀದಿಗೆ ಬಂದಳು. ಎಷ್ಟೋ ವರ್ಷ ನಡೆದ ದಾರಿಯಲ್ಲಿ ಎಡವಿದಳು.

ಮಾರನೆಯ ದಿನ ಫಲಿತಾಂಶ ಬಂತು. ಕೆಲಸ ನಿಲ್ಲಿಸುವುದು ಬೇಡ ಎಂದವರೇ ಹೆಚ್ಚು. ಮಡಚುವ ವಿಭಾಗದಲ್ಲಿ ದೊಡ್ಡಕ್ಕ ಒಬ್ಬೊಬ್ಬರ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಕೇಳಿದಳು: ನೀನು ಓಟು ಹಾಕಿದೆಯಾ? ಒಬ್ಬಳು ಮರೆತಿದ್ದೆ ಎಂದಳು. ಒಬ್ಬಳು ಮೇಸ್ತ್ರಿಯನ್ನು ಕೇಳಬೇಕು ಅಂದುಕೊಂಡೆ ಎಂದಳು. ಇನ್ನೊಬ್ಬಳು, "ಅವರೇ ಹಾಕಿರ್ತಾರೆ ಬಿಡಿ, ನಮ್ಮ ಒಳ್ಳೇದಕ್ಕೇ ಹಾಕಿರ್ತಾರೆ" ಎಂದಳು. ಯಾರೂ ಹಾಕಿರಲಿಲ್ಲ.

ಸಂಜೆ ಅವಳು ಮೈದುನನನ್ನು ಮನೆಗೆ ಕರೆಸಿದಳು. ಅವಳ ಗಂಡ, ಬಡಗಿ ಕೆಲಸದವನು, ಒಂದು ಕುರ್ಚಿಯ ಕಾಲಿಗೆ ಮರಳುಕಾಗದ ಉಜ್ಜುತ್ತ ಕುಳಿತಿದ್ದ. ದೊಡ್ಡಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ.

"ನನ್ನ ಓಟು ಯಾರು ಹಾಕಿದ್ದು?"

ಮೈದುನ ತಲೆ ಎತ್ತಲಿಲ್ಲ. "ನಾನೇ ಅತ್ತಿಗೆ."

"ಏನಂತ?"

"ಬೇಡ ಅಂತ." ಆಮೇಲೆ ಒಂದೇ ಉಸಿರಿಗೆ ಹೇಳಿದ. "ಮ್ಯಾನೇಜರ್ ಕರೆದು ಹೇಳಿದ್ರು. ರೋಲರ್ ನಿಂತರೆ ಆಸ್ಪತ್ರೆಯವರು ಬಟ್ಟೆ ಬೇರೆ ಕಡೆ ಕಳಿಸ್ತಾರಂತೆ. ಮೊದಲು ಹೋಗೋದು ಮಡಚೋ ವಿಭಾಗದ ಕೆಲಸವೇ ಅಂದ್ರು. ನಿಮ್ಮೆಲ್ಲರ ಹೊಟ್ಟೆಪಾಡು ನೋಡಿ ಹಾಕಿದೆ. ನಾನು ಕೆಟ್ಟದ್ದು ಮಾಡ್ತೀನಾ ನಿಮಗೆ?"

"ನಮ್ಮ ಹೊಟ್ಟೆ ವಿಷಯ ನಮ್ಮನ್ನ ಕೇಳಬೇಕಿತ್ತು" ಎಂದಳು ದೊಡ್ಡಕ್ಕ. "ಕೇಳಿದ್ದರೆ ನಾವೂ ಹೆದರಿ ಬೇಡ ಅಂತಿದ್ದೆವೋ ಏನೋ. ಆದರೆ ಅದು ನಮ್ಮ ಹೆದರಿಕೆ ಆಗಿರ್ತಿತ್ತು. ನಾಳೆ ಸಂಘದ ಸಭೆ ಇದೆ, ನೀನು ಹೋಗಿ ಹೇಳು."

"ಹೇಳಿದರೆ ನನ್ನ ಮುಖಕ್ಕೆ ಉಗೀತಾರೆ."

ಗಂಡ ಮರಳುಕಾಗದವನ್ನು ಕೆಳಗಿಟ್ಟ. "ಮನೆ ಮಾತು ಮನೆಯಲ್ಲೇ ಇರಲಿ. ಒಡಹುಟ್ಟಿದವನನ್ನ ಬೀದಿಗೆ ಎಳೆಯೋದು ಬೇಡ. ಆಗಿದ್ದು ಆಗಿಹೋಯ್ತು."

ಆ ರಾತ್ರಿಯಿಡೀ ಗಂಡನ ಮಾತಿನಲ್ಲಿಯೂ ನ್ಯಾಯವಿದೆ ಎಂದು ದೊಡ್ಡಕ್ಕನಿಗೆ ಅನಿಸುತ್ತಲೇ ಇತ್ತು. ತಮ್ಮನಂತೆ ಬೆಳೆದ ಹುಡುಗ. ಅವನ ಮಕ್ಕಳು ಅವಳ ಮಡಿಲಲ್ಲಿ ಆಡಿದವರು.

ಬೆಳಿಗ್ಗೆ ಅವಳು ಮೂಲೆಮನೆಗೆ ಹೋದಳು. ಹುಡುಗಿ ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಗೋಡೆಗೊರಗಿದ್ದಳು. ಕೈಗೆ ಮೊಣಕೈಯವರೆಗೆ ಬಿಳಿ ಬಟ್ಟೆ. ಫಲಿತಾಂಶ ಅವಳಿಗೂ ತಿಳಿದಿತ್ತು.

"ದೊಡ್ಡಕ್ಕ, ನಮ್ಮ ವಿಭಾಗದವರೂ ಬೇಡ ಅಂದ್ರಾ?" ಎಂದು ಕೇಳಿದಳು. ಕೋಪವಿರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದಳು. "ನಾನು ಕೂಗಿಕೊಂಡಾಗ ಓಡಿ ಬಂದವರೆಲ್ಲ ಅವರೇ ಅಲ್ವಾ."

ದೊಡ್ಡಕ್ಕನಿಗೆ ಸುಳ್ಳು ಹೇಳಲು ಬರಲಿಲ್ಲ, ನಿಜ ಹೇಳಲು ನಾಲಿಗೆ ಏಳಲಿಲ್ಲ. ಹುಡುಗಿಯ ತಲೆ ಸವರಿ ಎದ್ದು ಬಂದಳು. ಮನೆಯ ಹೊಸ್ತಿಲಲ್ಲಿ ನಿಂತು ಗಂಡನಿಗೆ ಹೇಳಿದಳು: "ರೀ, ಆ ಮಗೂನ ಮುಖ ನೋಡೋಕೆ ನನ್ನಿಂದ ಆಗಲಿಲ್ಲ. ನಾನು ಸಭೆಗೆ ಹೋಗ್ತೀನಿ."

ಗಂಡ ಕುರ್ಚಿಯ ಕಾಲನ್ನು ಗೋಡೆಗೆ ಒರಗಿಸಿ ಎದ್ದ. ಆಮೇಲೆ, "ಚಪ್ಪಲಿ ಹಾಕ್ಕೊಂಡು ಬರ್ತೀನಿ, ಇರು" ಎಂದ.

ಸಭೆ ಕಾರ್ಖಾನೆಯ ಊಟದ ಕೋಣೆಯಲ್ಲಿ. ಬೆಂಚುಗಳು ತುಂಬಿದ್ದವು. ಬೇರೆ ವಿಷಯಗಳೆಲ್ಲ ಮುಗಿದ ಮೇಲೆ ದೊಡ್ಡಕ್ಕ ಎದ್ದು ನಿಂತಳು. ಅಷ್ಟು ಜನರ ಮುಂದೆ ಎಂದೂ ಮಾತಾಡಿದವಳಲ್ಲ.

"ನನ್ನ ಹೆಸರಲ್ಲಿ ಓಟು ಬಿದ್ದಿದೆ. ನಾನು ಹಾಕಿಲ್ಲ. ಹಾಕಿದವರ ಮೇಲೆ ದೂರು ಹೇಳೋಕೆ ಬಂದಿಲ್ಲ. ಕೀಲಿಕೈ ಕೈಯಾರೆ ಕೊಟ್ಟವಳು ನಾನು. ನನ್ನನ್ನ ನೋಡಿ ನನ್ನ ಜೊತೆಯವರೂ ಕೊಟ್ಟರು. ಆದರೆ ಆ ಫಲಿತಾಂಶ ನಮ್ಮದಲ್ಲ. ಅದನ್ನ ನಮ್ಮದು ಅಂತ ಗೋಡೆ ಮೇಲೆ ಅಂಟಿಸಬೇಡಿ."

ಅವಳು ಕುಳಿತಳು. ಮಡಚುವ ವಿಭಾಗದ ಒಬ್ಬಳು ಎದ್ದು, "ನಾನೂ ಹಾಕಿಲ್ಲ" ಎಂದಳು. ಆಮೇಲೆ ಇನ್ನೊಬ್ಬಳು. ಹೀಗೆ ಒಬ್ಬೊಬ್ಬರೇ ಏಳುತ್ತಿರುವಾಗ ಹಿಂದಿನ ಸಾಲಿನಲ್ಲಿ ಬೆಂಚು ಸರಿದ ಸದ್ದಾಯಿತು. ಮೈದುನ ಎದ್ದು ನಿಂತಿದ್ದ.

"ಅವರೆಲ್ಲರದ್ದೂ ಹಾಕಿದ್ದು ನಾನು" ಎಂದ. ಯಾರೂ ಉಗಿಯಲಿಲ್ಲ. ಅವನ ಅಣ್ಣ ಹೋಗಿ ಅವನ ಪಕ್ಕದಲ್ಲಿ ನಿಂತುಕೊಂಡ.

ಸಮಿತಿ ಆ ಮತದಾನವನ್ನು ರದ್ದು ಮಾಡಿತು. ಮೈದುನನಿಗೆ ಒಂದು ವರ್ಷ ಸಂಘದಲ್ಲಿ ಮತ ಹಾಕುವ ಹಕ್ಕಿಲ್ಲ ಎಂದಿತು. ಅವನು ಒಪ್ಪಿಕೊಂಡ. ಹೊಸ ಮತದಾನಕ್ಕೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಫೋನ್ ನಂಬರ್, ತಮ್ಮ ಪಾಸ್‌ವರ್ಡ್ ತಾವೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನವಾಯಿತು.

ಅದಕ್ಕೆಂದು ಕನ್ನಡಕದಕ್ಕ ಊಟದ ಕೋಣೆಯಲ್ಲೇ ಮೇಜು ಹಾಕಿಕೊಂಡು ಕುಳಿತಳು. ಅವಳ ಜೊತೆಗೆ ದೊಡ್ಡಕ್ಕ. ಹೇಳಿಕೊಡುವವರಿಗೆ ಅಲ್ಲಿ ಒಂದೇ ನಿಯಮ: ಬಾಯಲ್ಲಿ ಎಷ್ಟು ಬೇಕಾದರೂ ಹೇಳಿ, ಕೈ ಮಾತ್ರ ಬೆನ್ನ ಹಿಂದೆ ಇರಲಿ. ದೊಡ್ಡಕ್ಕನಿಗೆ ಇದು ಬಹಳ ಕಷ್ಟವಾಯಿತು. ಎದುರಿಗಿದ್ದವರು ಒಂದು ಅಕ್ಷರಕ್ಕೆ ಇಡೀ ಪರದೆ ಹುಡುಕುವಾಗ ಅವಳ ಕೈ ತಾನಾಗಿ ಮುಂದೆ ಬರುತ್ತಿತ್ತು. ಆಗ ಅವಳಿಗೆ ಮೈದುನ ಹೇಗೆ ಜಾರಿದ ಎನ್ನುವುದು ಸ್ವಲ್ಪ ಅರ್ಥವಾಯಿತು. ಬೇಗ ಮುಗಿಯಲಿ, ಪಾಪ, ಎಂಬಲ್ಲಿಂದಲೇ ಅದು ಶುರುವಾಗುವುದು.

ಬಟ್ಟೆ ಒಗೆಯುವ ವಿಭಾಗದ ಒಬ್ಬ ಮುದುಕಪ್ಪ ಇದ್ದ. ಕಿವಿ ಮಂದ. ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿಕೊಂಡು ಒತ್ತಿದ. ಇಡೀ ಕೋಣೆಗೆ ಕೇಳಿಸಿತು.

"ತಾತ, ಇನ್ನೊಂದು ಇಡಬೇಕು" ಎಂದಳು ಕನ್ನಡಕದಕ್ಕ.

"ಯಾಕೆ, ಇದು ಚೆನ್ನಾಗಿಲ್ವಾ?"

"ಚೆನ್ನಾಗೇ ಇತ್ತು. ಈಗ ನಮ್ಮೆಲ್ಲರದ್ದೂ ಆಯ್ತು."

ಅಷ್ಟು ದಿನಗಳಲ್ಲಿ ಆ ಕೋಣೆಯಲ್ಲಿ ಮೊದಲ ಬಾರಿ ನಗು ಕೇಳಿಸಿತು. ಮುದುಕಪ್ಪ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಎರಡನೆಯದನ್ನು ಇಟ್ಟ.

ಇನ್ನೊಬ್ಬ ಕೆಲಸಗಾರ ತನ್ನ ಫೋನಿಗೆ ಬಂದ ಸಂದೇಶ ತೋರಿಸಿದ. 'ನಿಮ್ಮ ಸಂಘದ ಖಾತೆ ಇಂದೇ ಮುಚ್ಚಲಿದೆ, ಕೂಡಲೇ ಇಲ್ಲಿ ಒತ್ತಿ' ಎಂದಿತ್ತು. ಕನ್ನಡಕದಕ್ಕ ಅದನ್ನು ಎಲ್ಲರಿಗೂ ಓದಿ ಹೇಳಿದಳು. "ಸಂಘ ಯಾವತ್ತೂ ಹೀಗೆ ಹೆದರಿಸಿ ಬರೆಯಲ್ಲ. ಇಂಥದ್ದು ಬಂದರೆ ಒತ್ತಬೇಡಿ. ನಿಮ್ಮ ಕಾರ್ಡಿನ ಹಿಂದೆ ವೆಬ್‌ಸೈಟಿನ ವಿಳಾಸ ಇದೆ, ಅದನ್ನೇ ನೋಡಿ ಬರೆದು ಒಳಗೆ ಹೋಗಿ. ಅನುಮಾನ ಬಂದರೆ ನನಗೆ ಫೋನ್ ಮಾಡಿ. ಆದರೆ ನಾನು ಕೇಳಿದರೂ ಪಾಸ್‌ವರ್ಡ್ ಹೇಳಬೇಡಿ."

ಮೈದುನನೂ ಒಂದು ದಿನ ಬಂದ. ತನ್ನ ಫೋನನ್ನು ಮೇಜಿನ ಮೇಲಿಟ್ಟು, "ನನ್ನ ನಂಬರ್ ಎಲ್ಲೆಲ್ಲಿ ಇದೆಯೋ ಎಲ್ಲ ಕಡೆ ತೆಗೆದುಬಿಡಿ" ಎಂದ. ದೊಡ್ಡಕ್ಕನ ಕಡೆ ನೋಡಲಿಲ್ಲ. ಅವಳೇ, "ಊಟ ಆಯ್ತೇನಪ್ಪ?" ಎಂದು ಕೇಳಿದಳು. ಅವನು ತಲೆಯಾಡಿಸಿದ. ಅವರಿಬ್ಬರ ನಡುವೆ ಮಾತು ಮೊದಲಿನಂತಾಗಲು ಇನ್ನೂ ಬಹಳ ಕಾಲ ಬೇಕಾಯಿತು.

ಹೊಸ ಮತದಾನ ಶುರುವಾದ ದಿನ ದೊಡ್ಡಕ್ಕ ಮೊದಲು ತನ್ನ ಮತ ತಾನೇ ಹಾಕಿದಳು. ಆಮೇಲೆ ಮೂಲೆಮನೆಗೆ ಹೋದಳು. ಹುಡುಗಿಯೂ ಸಂಘದ ಸದಸ್ಯಳೇ. ಕೈಯ ಬಟ್ಟೆ ಬಿಚ್ಚಿದ್ದರು. ಚರ್ಮ ಮುದುಡಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ. ಅವು ಇನ್ನು ಮಡಚುವುದಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು.

ಹುಡುಗಿ ಫೋನು ಹಿಡಿದು ಸ್ವಲ್ಪ ಹೊತ್ತು ಒದ್ದಾಡಿದಳು. ಹಿಡಿದರೆ ಒತ್ತಲಾಗದು, ಒತ್ತಹೋದರೆ ಜಾರುತ್ತದೆ. ಅವಳ ಕಣ್ಣು ತುಂಬಿತು.

"ನನ್ನಿಂದ ಆಗ್ತಿಲ್ಲ. ಪಾಸ್‌ವರ್ಡ್ ಹೇಳ್ತೀನಿ, ನೀವೇ ಹಾಕಿಬಿಡಿ ದೊಡ್ಡಕ್ಕ. ನೀವಲ್ವಾ, ನನಗೇನು ಭಯ."

ಅವಳ ತಾಯಿಯೂ, "ಹಾಕಿಬಿಡಮ್ಮ, ಪಾಪ" ಎಂದಳು.

ದೊಡ್ಡಕ್ಕ ಮಂಚದ ಅಂಚಿನಲ್ಲಿ ಕುಳಿತಳು. ಫೋನನ್ನು ಎರಡು ಕೈಯಲ್ಲಿ ಅಲುಗದಂತೆ ಹುಡುಗಿಯ ಮುಂದೆ ಹಿಡಿದಳು. "ನಾನು ಹಿಡ್ಕೊಂಡಿರ್ತೀನಿ. ಎಷ್ಟು ಹೊತ್ತಾದರೂ ಆಗಲಿ. ಒತ್ತೋದು ಮಾತ್ರ ನೀನೇ" ಎಂದು ಹೇಳಿ ಮುಖವನ್ನು ಬಾಗಿಲಿನ ಕಡೆ ತಿರುಗಿಸಿದಳು.

ಹುಡುಗಿ ಎಡಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಒಮ್ಮೆ ತಪ್ಪಿತು. ಮತ್ತೆ ಮೊದಲಿನಿಂದ. ದೊಡ್ಡಕ್ಕನ ತೋಳು ನೋಯತೊಡಗಿತು, ಅವಳು ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಹುಡುಗಿ ಮೂಗೊರೆಸಿಕೊಂಡು, "ಆಯ್ತು. ಹಾಕಿದೆ" ಎಂದಳು.

ಆ ಸಲ ತಡೆಪಟ್ಟಿಯೇ ಗೆದ್ದಿತು. ಪಟ್ಟಿ ಬರುವವರೆಗೆ ರೋಲರ್ ನಿಂತೇ ಇತ್ತು. ಆಸ್ಪತ್ರೆಯ ಬಟ್ಟೆ ಬೇರೆ ಕಡೆಗೇನೂ ಹೋಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಯಾವುದೋ ಒಂದು ಸಂಘದಲ್ಲಿ ಇದ್ದೀರಿ. ನಿಮ್ಮ ಪಾಸ್‌ವರ್ಡ್ ಈಗ ಯಾರ ಬಳಿ ಇದೆ? ಅಲ್ಲಿ ಬರೆದಿರುವ ಫೋನ್ ನಂಬರ್ ಯಾರದು? ಇವತ್ತು ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ಇವೆರಡನ್ನು ವಿಚಾರಿಸಿ. ಬೇರೆಯವರದಾಗಿದ್ದರೆ ಕಾರ್ಡ್ ತೆಗೆದುಕೊಂಡು ಸಂಘದ ಕಚೇರಿಗೆ ಹೋಗಿ ನಿಮ್ಮದನ್ನು ಹಾಕಿಸಿ. ಬರುವುದಿಲ್ಲ ಎಂದು ನಾಚಬೇಡಿ, ಕೇಳಿದರೆ ಹೇಳಿಕೊಡುವವರು ಇದ್ದಾರೆ.

ಇನ್ನು, ನಿಮಗೆ ಇದೆಲ್ಲ ಚೆನ್ನಾಗಿ ಬರುತ್ತದೆ ಎಂದರೆ, ದಯವಿಟ್ಟು ಬರದವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಿಗೆ ಹೊತ್ತಾಗುತ್ತದೆ. ಆಗಲಿ. ಫೋನು ಹಿಡಿದುಕೊಳ್ಳಿ, ಮುಖ ತಿರುಗಿಸಿಕೊಳ್ಳಿ, ಕಾಯಿರಿ.